ವಿಂಡೋಸ್ 11 ಹಾಕಿಸಬೇಕಾ? ಚಾಂಪಿಯನ್ ರೀಫ್ಸ್‌ನ ಜೆರಾಕ್ಸ್ ಅಂಗಡಿಯಿಂದ ನೋಡಿದರೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. 2015ರ ಜುಲೈನಲ್ಲಿ ಬಂದು ಹತ್ತು ವರ್ಷ ನಡೆದ ಈ ವ್ಯವಸ್ಥೆ ನಮ್ಮ ಕೆಜಿಎಫ್, ಬಂಗಾರಪೇಟೆ ಕಡೆಯ ಸಣ್ಣ ಅಂಗಡಿಗಳಲ್ಲಿ ಇವತ್ತಿಗೂ ಓಡುತ್ತಿದೆ. ‘ಕಂಪ್ಯೂಟರ್ ಚೆನ್ನಾಗೇ ಇದೆಯಲ್ಲ, ಯಾಕೆ ಬದಲಾಯಿಸಬೇಕು’ ಎಂದು ಅಂಗಡಿಯವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಅಂಗಡಿಯವರಿಗೆ ಮಾತ್ರ ಬಿಟ್ಟದ್ದಲ್ಲ, ಅಲ್ಲಿಗೆ ಬರುವ ಗಿರಾಕಿಗಳಿಗೂ ಸಂಬಂಧಿಸಿದ್ದು ಎನ್ನುವುದು ನಮ್ಮ ವಾದ.

ಚಾಂಪಿಯನ್ ರೀಫ್ಸ್‌ನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಏನೇನು ನೋಡುತ್ತದೆ ಎಂದು ಲೆಕ್ಕ ಹಾಕಿ. ಗಣಿಯಲ್ಲಿ ದುಡಿದು ನಿವೃತ್ತರಾದವರ ಪಿಂಚಣಿಯ ಜೀವಿತ ಪ್ರಮಾಣಪತ್ರ, ಅದಕ್ಕೆ ಹೆಬ್ಬೆಟ್ಟಿನ ಗುರುತು. ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿ. ಮಕ್ಕಳ ವಿದ್ಯಾರ್ಥಿವೇತನ. ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಪಾನ್ ಕಾರ್ಡ್, ಬಾಡಿಗೆ ಕರಾರು, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ. ಇಷ್ಟೂ ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಆ ಕಂಪ್ಯೂಟರಿಗೆ ವೈರಸ್ ಹೊಕ್ಕರೆ ಅಂಗಡಿಯವರಿಗೆ ಒಂದು ದಿನದ ವ್ಯಾಪಾರ ಹೋಗಬಹುದು. ಆಧಾರ್ ಮತ್ತು ಬ್ಯಾಂಕ್ ವಿವರ ಕಳೆದುಕೊಳ್ಳುವವರು ಮಾತ್ರ ಬೇರೆಯವರು.

‘ಬೆಂಬಲ ನಿಂತಿತು’ ಎಂದರೆ ಏನೆಂದು ನಮ್ಮೂರಿನವರಿಗೆ ಹೇಳುವುದು ಸುಲಭ. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಗಣಿ ಮುಚ್ಚಿತು. ನೀರೆತ್ತುವ ಪಂಪುಗಳು ನಿಂತ ದಿನವೇ ಸುರಂಗಗಳೇನೂ ಕುಸಿಯಲಿಲ್ಲ. ನೀರು ನಿಧಾನವಾಗಿ ಏರಿತು. ವಿಂಡೋಸ್ 10 ಕೂಡ ಹಾಗೆಯೇ: ನಾಳೆಯೂ ಆನ್ ಆಗುತ್ತದೆ, ಪ್ರಿಂಟ್ ಕೊಡುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಒಂದೊಂದು ಬಿರುಕನ್ನೂ ಮುಚ್ಚುವವರು ಇರುವುದಿಲ್ಲ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿದ ವನ್ನಾಕ್ರೈ ದಾಳಿ ನೆನಪಿರಬಹುದು. ಅದು ಬಳಸಿದ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ, ಪರಿಹಾರ ಕೊಟ್ಟಿತ್ತು. ಏಟು ತಿಂದವರಲ್ಲಿ ಹೆಚ್ಚಿನವರು ಅದನ್ನು ಹಾಕಿಸಿಕೊಳ್ಳದವರು.

ಹಾಗಾದರೆ ವಿಂಡೋಸ್ 11 ಒಳ್ಳೆಯದೇ? ಮೊದಲು ಅದರ ಗುಣ ಹೇಳೋಣ. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ಇದರ ದೊಡ್ಡ ಬಲ ಭದ್ರತೆ. ಟಿಪಿಎಂ 2.0 ಎಂಬ ವ್ಯವಸ್ಥೆ ಕೀಲಿಗಳನ್ನು ಪ್ರತ್ಯೇಕವಾಗಿ ಕಾಪಾಡುತ್ತದೆ. ಸೆಕ್ಯೂರ್ ಬೂಟ್, ಕಂಪ್ಯೂಟರ್ ಶುರುವಾಗುವಾಗಲೇ ಕಳ್ಳ ಪ್ರೋಗ್ರಾಂ ನುಸುಳದಂತೆ ತಡೆಯುತ್ತದೆ. ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸುವ ಸೌಲಭ್ಯ ಹೋಂ ಆವೃತ್ತಿಯಲ್ಲೂ ಇದೆ. ವರದಿಗಾರಿಕೆ ಮಾಡುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋದರೂ ಮಾಹಿತಿ ಕೊಟ್ಟವರ ಹೆಸರು, ರೆಕಾರ್ಡಿಂಗ್ ಸಿಕ್ಕವರ ಕೈಗೆ ಸುಲಭವಾಗಿ ಸಿಗುವುದಿಲ್ಲ. ಫೈಲುಗಳ ಕಿಟಕಿಯಲ್ಲಿ, ನೋಟ್‌ಪ್ಯಾಡಿನಲ್ಲಿ ಟ್ಯಾಬ್‌ಗಳು ಬಂದಿವೆ. ಉಳಿಸಲು ಮರೆತ ನೋಟ್‌ಪ್ಯಾಡ್ ಬರಹ ಮತ್ತೆ ತೆರೆದಾಗ ಅಲ್ಲೇ ಇರುತ್ತದೆ. ಅಸಲಿ ವಿಂಡೋಸ್ 10 ಇದ್ದವರಿಗೆ ಅಪ್‌ಗ್ರೇಡ್ ಉಚಿತ. ಹಿಡಿಸದಿದ್ದರೆ ಹತ್ತು ದಿನದೊಳಗೆ ಹಿಂದಕ್ಕೆ ಹೋಗಬಹುದು.

ಕನ್ನಡಕ್ಕೆ ಏನು ಲಾಭ ಎಂದರೆ, ಹೊಸದಾಗಿ ಹೇಳಿಕೊಳ್ಳುವಂಥದ್ದು ಕಡಿಮೆ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆಯಂತೆ ಒತ್ತಿ ಕನ್ನಡ ಮೂಡಿಸುವ ಕೀಲಿಮಣೆ 2019ರಲ್ಲೇ ವಿಂಡೋಸ್ 10ಕ್ಕೆ ಬಂದಿತ್ತು. ತಮಿಳು, ತೆಲುಗಿಗೂ ಬಂದಿತ್ತು. ಒಂದೇ ಬೀದಿಯಲ್ಲಿ ನಾಲ್ಕು ಭಾಷೆ ನಡೆಯುವ ಚಾಂಪಿಯನ್ ರೀಫ್ಸ್‌ಗೆ ಅದು ನಿಜವಾದ ಅನುಕೂಲ. ಆದರೆ ಅದಕ್ಕಾಗಿ 11ಕ್ಕೆ ಹೋಗಬೇಕಾಗಿಲ್ಲ.

ಈಗ ದೋಷಗಳು. ಮೊದಲನೆಯದು, ಬಾಗಿಲಲ್ಲೇ ತಡೆ. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. 2017ರಲ್ಲಿ ಸಾಲ ಮಾಡಿ ಕೊಂಡ, ಇನ್ನೂ ಗಟ್ಟಿಮುಟ್ಟಾದ ಏಳನೇ ತಲೆಮಾರಿನ ಯಂತ್ರಕ್ಕೆ ಪ್ರವೇಶ ಇಲ್ಲ. ಕನಿಷ್ಠ 4 ಜಿಬಿ ರ‍್ಯಾಮ್ ಎಂದು ಹೇಳಿದ್ದರೂ 8 ಜಿಬಿ ಇಲ್ಲದೆ ಕೆಲಸ ತೆವಳುತ್ತದೆ.

ಎರಡನೆಯದು, ಹಳೆಯ ಸಲಕರಣೆಗಳ ಕಷ್ಟ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. 32 ಬಿಟ್ ವ್ಯವಸ್ಥೆಗೆ ಮಾತ್ರ ಡ್ರೈವರ್ ಇರುವ ಹಳೆಯ ಪ್ರಿಂಟರು, ಸ್ಕ್ಯಾನರು ಮೂಲೆ ಸೇರುತ್ತವೆ. ಹೆಬ್ಬೆಟ್ಟು ಯಂತ್ರಕ್ಕೆ ಹೊಸ ಡ್ರೈವರ್ ಇದೆಯೇ ಎಂದು ಮೊದಲೇ ನೋಡದಿದ್ದರೆ ಅಪ್‌ಗ್ರೇಡ್ ಆದ ಮರುದಿನ ಪಿಂಚಣಿದಾರರು ಸಾಲಿನಲ್ಲಿ ನಿಂತು ವಾಪಸ್ ಹೋಗಬೇಕು. ಲಗ್ನಪತ್ರಿಕೆ, ಕರಪತ್ರ ಮಾಡುವವರು ಇನ್ನೂ ನಂಬಿಕೊಂಡಿರುವ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಕೂಡಿಟ್ಟ ಕೆಲಸವನ್ನು ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಜಾಣತನ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಆದರೂ ಯಾರೂ ಮಾತಾಡುವುದಿಲ್ಲ. ಇತ್ತೀಚಿನ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಡಿಸ್ಕಿನ ಗೂಢಲಿಪಿ ತಾನಾಗಿಯೇ ಚಾಲೂ ಆಗುತ್ತದೆ. ಅದನ್ನು ಬಿಡಿಸುವ 48 ಅಂಕಿಯ ಕೀಲಿ ಆ ಖಾತೆಯಲ್ಲಿ ಕೂತಿರುತ್ತದೆ. ನಮ್ಮ ಕಡೆ ವಿಂಡೋಸ್ ಹಾಕಿಕೊಡುವ ಸರ್ವಿಸ್ ಹುಡುಗರು ಆ ಹೊತ್ತಿಗೆ ಒಂದು ಇಮೇಲ್ ಸೃಷ್ಟಿಸಿ, ಕೆಲಸ ಮುಗಿಸಿ ಹೊರಟುಬಿಡುತ್ತಾರೆ. ಆರು ತಿಂಗಳ ಮೇಲೆ ಮದರ್‌ಬೋರ್ಡ್ ಕೈಕೊಟ್ಟರೆ ಕೀಲಿ ಕೇಳುತ್ತದೆ. ಇಮೇಲ್ ಯಾರಿಗೂ ನೆನಪಿಲ್ಲ. ಕಳ್ಳನನ್ನು ತಡೆಯಲು ಹಾಕಿದ ಬೀಗ ಮನೆಯವರನ್ನೇ ಹೊರಗೆ ನಿಲ್ಲಿಸುತ್ತದೆ. ಇನ್ನು ಕೀಲಿ ಕಂಪನಿಯ ಬಳಿಯೂ ಇರುವುದರಿಂದ ಕಾನೂನಿನ ಮೂಲಕ ಕೇಳಿದವರಿಗೆ ಅದು ಸಿಗಬಹುದು ಎನ್ನುವುದನ್ನು ಪತ್ರಕರ್ತರು ಮರೆಯಬಾರದು.

ಅರ್ಹತೆ ಇಲ್ಲದ ಯಂತ್ರಕ್ಕೂ ಅಡ್ಡದಾರಿಯಲ್ಲಿ 11 ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಮನೆಯಲ್ಲಿ ಆಟ ಆಡಲು ಏನಾದರೂ ಮಾಡಿಕೊಳ್ಳಿ, ಗಿರಾಕಿಗಳ ಕಾಗದ ನೋಡುವ ಕಂಪ್ಯೂಟರಿಗೆ ಬೇಡ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಯಾವ ಕಾರಣಕ್ಕೆ ಅಪ್‌ಗ್ರೇಡ್ ಮಾಡಿದೆವೋ ಅದೇ ಸಿಗದಿದ್ದರೆ ಏನು ಬಂತು?

ಹಾಗೆಂದು ಹಳೆಯದನ್ನೆಲ್ಲ ಗುಜರಿಗೆ ಹಾಕಿ ಹೊಸದು ಕೊಳ್ಳಿ ಎನ್ನುವುದನ್ನೂ ನಾವು ಒಪ್ಪುವುದಿಲ್ಲ. ವಿಂಡೋಸ್ 10 ನಿಲ್ಲುವುದರಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದು ಎಂದು ಕ್ಯಾನಲಿಸ್ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಸಯನೈಡ್ ದಿಬ್ಬಗಳ ಧೂಳು ಕುಡಿದು ಬೆಳೆದ ಊರಿಗೆ ಕಸದ ಗುಡ್ಡ ಎಂದರೇನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಚಿನ್ನ ಒಬ್ಬರಿಗೆ, ದಿಬ್ಬ ಇನ್ನೊಬ್ಬರಿಗೆ ಎನ್ನುವ ಲೆಕ್ಕ ಇಲ್ಲಿ ಮೊದಲೇ ಒಮ್ಮೆ ಆಗಿದೆ.

ಹಾಗಾದರೆ ದಾರಿ ಏನು? ಮೊದಲು ಯಂತ್ರಕ್ಕೆ ಅರ್ಹತೆ ಇದೆಯೇ ಎಂದು ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್‌ನಲ್ಲಿ ನೋಡಿ. ಟಿಪಿಎಂ ಇಲ್ಲ ಎಂದು ತೋರಿಸಿದರೂ ಕೂಡಲೇ ಕೈಬಿಡಬೇಡಿ. ಎಷ್ಟೋ ಬೋರ್ಡುಗಳಲ್ಲಿ ಅದು ಇರುತ್ತದೆ, ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಅರ್ಹತೆ ಇದ್ದರೆ ಫೈಲುಗಳ ಒಂದು ಪ್ರತಿ ಬೇರೆ ಕಡೆ ಇಟ್ಟು, ಡ್ರೈವರುಗಳನ್ನು ಖಚಿತಪಡಿಸಿಕೊಂಡು, ನಿಮ್ಮದೇ ಇಮೇಲ್‌ನಿಂದ 11ಕ್ಕೆ ಹೋಗಿ. ಗೂಢಲಿಪಿ ಚಾಲೂ ಇದ್ದರೆ ಆ 48 ಅಂಕಿಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ.

ಅರ್ಹತೆ ಇಲ್ಲದ ಮನೆಯ ಕಂಪ್ಯೂಟರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಅವಕಾಶ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಿಕೊಂಡರೆ ದುಡ್ಡು ಕೊಡಬೇಕಾಗಿಲ್ಲ. ಇದು ವಾಯಿದೆ ಮಾತ್ರ, ಮನ್ನಾ ಅಲ್ಲ. ಅಷ್ಟರೊಳಗೆ ಲಿನಕ್ಸ್ ಕಲಿಯಿರಿ. ಅರ್ಜಿ ತುಂಬುವ ಕೆಲಸದಲ್ಲಿ ಬಹುಪಾಲು ನಡೆಯುವುದು ಬ್ರೌಸರಿನೊಳಗೆ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿದರೆ ಅದೇ ಯಂತ್ರ ಇನ್ನೂ ಕೆಲವು ವರ್ಷ ದುಡಿಯುತ್ತದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಕೆಜಿಪಿ ವಿನ್ಯಾಸ ಅಲ್ಲೂ ಇದೆ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳೂ ಇವೆ. ಹೆಬ್ಬೆಟ್ಟು ಯಂತ್ರ, ಪೇಜ್‌ಮೇಕರ್ ಬೇಕಾದವರಿಗೆ ಮಾತ್ರ ಇದು ಹೊಂದುವುದಿಲ್ಲ.

‘ಲಿನಕ್ಸ್ ನಮ್ಮಂಥವರಿಗೆ ಆಗುವುದಿಲ್ಲ’ ಎನ್ನುವವರು ಕಾಸರಗೋಡಿನತ್ತ ನೋಡಲಿ. ಕೇರಳದ ಸರ್ಕಾರಿ ಶಾಲೆಗಳು ಹತ್ತು ವರ್ಷಕ್ಕೂ ಮೇಲ್ಪಟ್ಟು ಸ್ವತಂತ್ರ ತಂತ್ರಾಂಶದಲ್ಲೇ ಪಾಠ ಮಾಡುತ್ತಿವೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಅಲ್ಲಿ ಸರ್ಕಾರ ತೀರ್ಮಾನ ಮಾಡಿತು, ಶಿಕ್ಷಕರಿಗೆ ತರಬೇತಿ ಕೊಟ್ಟಿತು. ನಮ್ಮಲ್ಲಿ ಅದನ್ನು ಅಂಗಡಿಯವರ ಹಣೆಬರಹಕ್ಕೆ ಬಿಟ್ಟಿದೆ. ಪಂಚಾಯಿತಿಯ ಅರಿವು ಕೇಂದ್ರಗಳ ಕಂಪ್ಯೂಟರುಗಳಲ್ಲಾದರೂ ನಮ್ಮ ಸರ್ಕಾರ ಇದನ್ನು ಶುರು ಮಾಡಬಹುದು. ಹೆಬ್ಬೆಟ್ಟು ಯಂತ್ರಗಳಿಗೆ ಲಿನಕ್ಸ್ ಡ್ರೈವರ್ ಬೇಕು ಎಂದು ಕೊಳ್ಳುವ ಷರತ್ತಿನಲ್ಲೇ ಬರೆಯಬಹುದು.

ಅದೆಲ್ಲ ಆಗುವವರೆಗೆ ಒಂದು ಕೆಲಸ ನಮ್ಮ ನಿಮ್ಮ ಕೈಯಲ್ಲೇ ಇದೆ. ಮುಂದಿನ ಸಲ ಅಂಗಡಿಯಲ್ಲಿ ಆಧಾರ್ ಪ್ರಿಂಟ್ ತೆಗೆಸಿದಾಗ ಎರಡು ಮಾತು ಕೇಳಿ: ‘ಅಣ್ಣ, ಇದರಲ್ಲಿ ಅಪ್‌ಡೇಟ್ ಬರ್ತಾ ಇದೆಯಾ? ನನ್ನ ಫೈಲ್ ಡಿಲೀಟ್ ಮಾಡಿದ್ರಾ?’ ಹತ್ತು ಗಿರಾಕಿಗಳು ಕೇಳಿದರೆ ಹನ್ನೊಂದನೆಯವರಿಗೆ ಕೇಳುವ ಅಗತ್ಯವೇ ಬೀಳಲಿಕ್ಕಿಲ್ಲ.