ಸಿಂಗಪುರಕ್ಕೆ ಬರುವ ಬಂಧುಗಳಿಗೆ



ಎರಡು ವರ್ಷಗಳಿಗೊಮ್ಮೆ ಈ ಸ್ಮರಣ ಸಂಚಿಕೆಯ ಅಂಕಣದ ಮೂಲಕ ತಮ್ಮನ್ನು ಕಾಣುವ ಭಾಗ್ಯ ನನ್ನದು. ಕಳೆದ ಬಾರಿಯ ಬರಹವನ್ನು ಓದಿದ ಕೆಲವರು, "ಊರಿಗೆ ಹೋಗುವ ದಾರಿಯಲ್ಲಿ ಸಿಂಗಪುರದಲ್ಲಿ ಕೆಲವು ದಿನ ತಂಗಬೇಕೆಂದಿದ್ದೇವೆ. ವಯಸ್ಸಾದ ತಂದೆತಾಯಿಯರನ್ನೂ ಅಲ್ಲಿಗೇ ಕರೆಸಿಕೊಳ್ಳುವ ಮನಸ್ಸಿದೆ. ಏನೇನು ತಿಳಿದಿರಬೇಕು?" ಎಂದು ಕೇಳಿದ್ದರು. ನಾನು ಪ್ರವಾಸ ತಜ್ಞೆಯಲ್ಲ. ಕಲಾ ಪದವೀಧರೆಯಾದ ಒಬ್ಬ ಗೃಹಿಣಿ. ನೋಡತಕ್ಕ ಸ್ಥಳಗಳ ವಿವರ ಕೈಪಿಡಿಗಳಲ್ಲಿ ಧಾರಾಳವಾಗಿ ದೊರೆಯುತ್ತದೆ. ಮನೆ ನಡೆಸುತ್ತಾ, ಒಮ್ಮೆ ತಪ್ಪನ್ನೂ ಮಾಡಿ, ನಾನು ಕಲಿತುಕೊಂಡ ಸಂಗತಿಗಳನ್ನಷ್ಟೇ ಇಲ್ಲಿ ನಿವೇದಿಸುತ್ತೇನೆ.

ಮೊದಲು ಹೊರಡುವ ಮುನ್ನಿನ ಸಿದ್ಧತೆ. ಅಮೆರಿಕದ ಪಾಸ್‌ಪೋರ್ಟ್ ಉಳ್ಳವರಿಗೆ ಅಲ್ಪಾವಧಿಯ ಭೇಟಿಗೆ ವೀಸಾ ಬೇಕಿಲ್ಲ. ಭಾರತದ ಪಾಸ್‌ಪೋರ್ಟ್ ಉಳ್ಳವರು ಮೊದಲೇ ವೀಸಾ ಪಡೆದು ಬರಬೇಕು. ಇಬ್ಬರೂ ಬಂದಿಳಿಯುವುದಕ್ಕೆ ಮುಂಚಿನ ಮೂರು ದಿನಗಳ ಒಳಗೆ 'ಎಸ್‌ಜಿ ಅರೈವಲ್ ಕಾರ್ಡ್' ಎಂಬ ಆಗಮನ ಪತ್ರವನ್ನು ಅಂತರ್ಜಾಲದಲ್ಲಿ ತುಂಬಬೇಕು. ಸರ್ಕಾರ ಇದಕ್ಕೆ ಚಿಕ್ಕಾಸನ್ನೂ ಕೇಳುವುದಿಲ್ಲ. ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲವೆಂದು ತಿಳಿಯಿರಿ. ಇಲ್ಲಿನ ವಿದ್ಯುತ್ತು ಭಾರತದಂತೆಯೇ 230 ವೋಲ್ಟ್. ಪ್ಲಗ್ಗು ಮಾತ್ರ ಚಪ್ಪಟೆಯಾದ ಮೂರು ಕಡ್ಡಿಗಳದ್ದು. ಗಡಿಯಾರವನ್ನು ಭಾರತದ ವೇಳೆಗಿಂತ ಎರಡೂವರೆ ಗಂಟೆ ಮುಂದಿಡಿ. ವರ್ಷವಿಡೀ ಸೆಕೆ, ಯಾವ ತಿಂಗಳಲ್ಲಾದರೂ ಮಳೆ. ಆದುದರಿಂದ ಹತ್ತಿಯ ಬಟ್ಟೆ, ಒಂದು ಕೊಡೆ ಜೊತೆಗಿರಲಿ. ನಲ್ಲಿಯ ನೀರನ್ನು ನಿಶ್ಚಿಂತೆಯಿಂದ ಕುಡಿಯಬಹುದು.

ಇನ್ನು ಪೆಟ್ಟಿಗೆಯಲ್ಲಿ ಏನನ್ನು ತರಬಾರದು ಎಂಬುದು. ಚೂಯಿಂಗ್ ಗಮ್ ತರುವುದಕ್ಕೆ 1992ರಿಂದ ನಿಷೇಧವಿರುವುದನ್ನು ಎಲ್ಲರೂ ಬಲ್ಲರು. ಆದರೆ ನಮ್ಮವರಿಗೆ ಹೊಳೆಯದ ವಸ್ತುವೊಂದಿದೆ: ಅದು ಗಸಗಸೆ! ಗಸಗಸೆ ಬೀಜದಲ್ಲಿ ಮಾರ್ಫಿನ್‌ನ ಲವಲೇಶ ಉಳಿದಿರಬಹುದಾದ್ದರಿಂದ ಈ ದೇಶದ ಕಾನೂನು ಅದನ್ನು ಮಾದಕ ದ್ರವ್ಯದ ದೃಷ್ಟಿಯಿಂದಲೇ ನೋಡುತ್ತದೆ. ನಮ್ಮ ಅತ್ತೆಯವರು ಮೊಮ್ಮಕ್ಕಳಿಗೆ ಪಾಯಸ ಮಾಡಿಕೊಡಲೆಂದು ಕಾಲು ಕಿಲೋ ಗಸಗಸೆಯನ್ನು ಸೀರೆಗಳ ನಡುವೆ ಕಟ್ಟಿಟ್ಟಿದ್ದರು. ಹೊರಡುವ ಹಿಂದಿನ ರಾತ್ರಿ ದೂರವಾಣಿಯಲ್ಲಿ ಮಾತನಾಡುವಾಗ ಸಂಗತಿ ಹೊರಬಿದ್ದುದು ನಮ್ಮ ಪುಣ್ಯ. ಗುಟ್ಕಾ, ಜರ್ದಾ, ಇ-ಸಿಗರೇಟುಗಳಿಗೂ ಇಲ್ಲಿ ಪ್ರವೇಶವಿಲ್ಲ. ಔಷಧಿಗಳನ್ನು ಮೂರು ತಿಂಗಳಿಗೆ ಮೀರದಷ್ಟು ಪ್ರಮಾಣದಲ್ಲಿ, ವೈದ್ಯರ ಚೀಟಿಯ ಸಮೇತ ತನ್ನಿ. ಕೆಲವು ನಿದ್ರೆ ಮಾತ್ರೆಗಳಿಗೂ ತೀವ್ರ ನೋವುನಿವಾರಕಗಳಿಗೂ ಇಲ್ಲಿನ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಪೂರ್ವಾನುಮತಿ ಬೇಕಾಗುತ್ತದೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

2004ರಲ್ಲಿ ಸಾಗರದಿಂದ ನನ್ನ ತಾಯಿ ಬಂದಿದ್ದರು. ಎಪ್ಪತ್ತು ವಯಸ್ಸಾದರೂ ಊರಿನಲ್ಲಿ ತೋಟ, ದೇವಸ್ಥಾನ, ಪೇಟೆ ಎಂದು ಒಬ್ಬರೇ ಓಡಾಡುತ್ತಿದ್ದವರು. ಒಂದು ಬೆಳಿಗ್ಗೆ ನಾನು ಮಗಳ ಶಾಲೆಗೆ ಹೋಗಿದ್ದಾಗ, ಕರಿಬೇವು ಮುಗಿದಿದೆಯೆಂದು ಅಮ್ಮ ತಾವೇ ಕೆಳಗಿಳಿದು ಮಾರುಕಟ್ಟೆಗೆ ಹೋದರು. ಹೋಗುವ ದಾರಿ ತಿಳಿಯಿತು. ಬರುವ ದಾರಿ ತಿಳಿಯಲಿಲ್ಲ. ಇಲ್ಲಿನ ವಸತಿ ಕಟ್ಟಡಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಒಂದೇ ಬಣ್ಣ, ಒಂದೇ ಎತ್ತರ. ನಾನು ಹುಡುಕುತ್ತಾ ಹೋದಾಗ ನಮ್ಮ ಮನೆಯಿಂದ ಮೂರನೆಯ ಕಟ್ಟಡದ ಕೆಳಗೆ, ಗೋಡೆಗಳಿಲ್ಲದ ನೆಲಮಹಡಿಯ ಕಲ್ಲುಬೆಂಚಿನ ಮೇಲೆ, ಕರಿಬೇವಿನ ಕಟ್ಟು ಹಿಡಿದು ಕುಳಿತಿದ್ದರು. ಮಲಯ ಅಜ್ಜಿಯೊಬ್ಬರು ಅಮ್ಮನ ಕೈಹಿಡಿದು ಪಕ್ಕದಲ್ಲೇ ಕುಳಿತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಎರಡು ಗಂಟೆಯಾದರೂ ಆ ತಾಯಿ ಅಮ್ಮನನ್ನು ಬಿಟ್ಟು ಹೋಗಿರಲಿಲ್ಲ.

"ನಿನ್ನ ಮನೆ ಯಾವುದು ಅಂತ ಕೇಳಿದ್ರೆ ನಾನೇನು ಹೇಳ್ಲೇ? ಮಗಳ ಮನೆ ಅಂದೆ" ಎಂದರು ಅಮ್ಮ. ಆ ಬಳಿಕ ಉಳಿದ ಐದು ವಾರಗಳೂ ಅವರು ಒಬ್ಬರೇ ಹೊಸಿಲು ದಾಟಲಿಲ್ಲ. ಮತ್ತೆ ಸಿಂಗಪುರಕ್ಕೆ ಬರುವ ಯೋಗವೂ ಅವರಿಗೆ ಕೂಡಿಬರಲಿಲ್ಲ. ಊಟ, ತಿಂಡಿ, ಹಾಸಿಗೆ ಎಲ್ಲವನ್ನೂ ಅಣಿಗೊಳಿಸಿದ್ದ ನಾನು, ಅವರ ಕೈಗೆ ಒಂದು ವಿಳಾಸದ ಚೀಟಿಯನ್ನು ಕೊಟ್ಟಿರಲಿಲ್ಲ.

ಆದುದರಿಂದ ಇಲ್ಲಿನ ವಿಳಾಸದ ಕ್ರಮವನ್ನು ದಯವಿಟ್ಟು ಗಮನಿಸಿ. ಪ್ರತಿ ವಸತಿ ಕಟ್ಟಡದ ಗೋಡೆಯ ಮೇಲೂ ಅದರ ಸಂಖ್ಯೆಯನ್ನು ದೂರಕ್ಕೆ ಕಾಣುವಂತೆ ಬರೆದಿರುತ್ತಾರೆ. ಜುರಾಂಗ್ ವೆಸ್ಟ್‌ನಲ್ಲಿ 61ನೆಯ ಬೀದಿಯ ಕಟ್ಟಡಗಳ ಸಂಖ್ಯೆ ಆರರಿಂದಲೂ 91ನೆಯ ಬೀದಿಯವು ಒಂಬತ್ತರಿಂದಲೂ ಆರಂಭವಾಗುತ್ತವೆ. 1995ರಿಂದ ಬಳಕೆಯಲ್ಲಿರುವ ಆರಂಕಿಯ ಪಿನ್‌ಕೋಡು ನಮ್ಮ ದೇಶದ್ದರಂತೆ ಇಡೀ ಬಡಾವಣೆಗೆ ಒಂದಲ್ಲ. ಒಂದೊಂದು ಕಟ್ಟಡಕ್ಕೂ ಒಂದೊಂದು. ಸರ್ಕಾರಿ ವಸತಿ ಕಟ್ಟಡಗಳಲ್ಲಿ ಅದರ ಕೊನೆಯ ಮೂರಂಕಿ ಸಾಮಾನ್ಯವಾಗಿ ಕಟ್ಟಡದ ಸಂಖ್ಯೆಯೇ ಆಗಿರುತ್ತದೆ. ಆ ಆರಂಕಿಯನ್ನು ತೋರಿಸಿದರೆ ಟ್ಯಾಕ್ಸಿಯವನು ಬಾಗಿಲಿಗೇ ತಂದು ಬಿಡುತ್ತಾನೆ. ಪಿನ್‌ಕೋಡು, ಮಹಡಿ ಮತ್ತು ಮನೆಯ ಸಂಖ್ಯೆ, ಮನೆಯವರ ದೂರವಾಣಿ, ಇವಿಷ್ಟನ್ನು ದಪ್ಪಕ್ಷರದಲ್ಲಿ ಬರೆದು ಹಿರಿಯರ ಕೈಚೀಲದಲ್ಲಿಡಿ. ಪೊಲೀಸರಿಗೆ 999, ಆಂಬುಲೆನ್ಸಿಗೆ 995 ಎಂಬುದನ್ನೂ ಅದರಲ್ಲೇ ಬರೆಯಿರಿ.

ರೈಲಿನ ಪಾಠವೂ ಇಷ್ಟೇ ಸುಲಭ. ನಿಲ್ದಾಣಗಳ ಹೆಸರು ನಾಲಗೆಗೆ ತೊಡಕೆನಿಸಿದರೆ ಸಂಖ್ಯೆಯನ್ನು ಹಿಡಿಯಿರಿ. ನಮ್ಮ ಬೂನ್ ಲೇ ನಿಲ್ದಾಣ ಪೂರ್ವ-ಪಶ್ಚಿಮ ಮಾರ್ಗದ 27ನೆಯದು, ಹಸಿರು ಬಣ್ಣ. ಚಾಂಗಿ ವಿಮಾನ ನಿಲ್ದಾಣ ಇದೇ ಮಾರ್ಗದ ಮತ್ತೊಂದು ತುದಿಯಲ್ಲಿದ್ದು, ತಾನಾ ಮೇರಾದಲ್ಲಿ ರೈಲು ಬದಲಿಸಿ ಬರಲು ಒಂದು ಗಂಟೆಗೂ ಮೀರಿ ಹಿಡಿಯುತ್ತದೆ. ರಾತ್ರಿ ಹನ್ನೊಂದರ ನಂತರ ಇಳಿಯುವವರು ರೈಲನ್ನು ನಂಬದೆ ಟ್ಯಾಕ್ಸಿ ಹಿಡಿಯುವುದು ಕ್ಷೇಮ. ಮೀಟರಿನ ಟ್ಯಾಕ್ಸಿಗಳಿಗೆ ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಅರ್ಧದಷ್ಟು ಹೆಚ್ಚು ತೆರಬೇಕು. ರೈಲಿಗೂ ಬಸ್ಸಿಗೂ ಒಂದೇ ಕಾರ್ಡು ಸಾಕು. ಬಸ್ಸಿನಿಂದ ಇಳಿಯುವಾಗಲೂ ಕಾರ್ಡನ್ನು ತಾಗಿಸಲು ಮರೆಯಬೇಡಿ. ಮರೆತರೆ ಕೊನೆಯ ನಿಲ್ದಾಣದವರೆಗಿನ ಹಣ ಕಳೆಯುತ್ತದೆ. ರೈಲಿನಲ್ಲಿ ತಿಂಡಿ ತಿಂದರೆ, ಒಂದು ಗುಟುಕು ನೀರು ಕುಡಿದರೂ, 500 ಡಾಲರಿನವರೆಗೆ ದಂಡ ಬೀಳಬಹುದು.

2013ರಲ್ಲಿ ಮಾವನವರು ಬಂದಾಗ ನಾನು ಪಾಠ ಕಲಿತಿದ್ದೆ. ಚೀಟಿ, ಕಾರ್ಡು, ಸಂಖ್ಯೆಗಳು ಮೂರನ್ನೂ ಕೊಟ್ಟು, ಎರಡು ಬಾರಿ ಜೊತೆಯಲ್ಲಿ ಹೋಗಿ, ಮೂರನೆಯ ಬಾರಿ ಒಬ್ಬರನ್ನೇ ಕಳುಹಿಸಿದೆ. ಬೂನ್ ಲೇಯಿಂದ ಹಸಿರು ಮಾರ್ಗದಲ್ಲಿ 16ನೆಯ ನಿಲ್ದಾಣವಾದ ಔಟ್ರಮ್ ಪಾರ್ಕ್. ಅಲ್ಲಿಂದ ನೇರಳೆ ಮಾರ್ಗದಲ್ಲಿ ನಾಲ್ಕನೆಯ ನಿಲ್ದಾಣವೇ ಲಿಟಲ್ ಇಂಡಿಯಾ. ಸೆರಂಗೂನ್ ರಸ್ತೆಯ ವೀರಮಾಕಾಳಿಯಮ್ಮನ ಗುಡಿಗೆ ಹೋಗಿ, ಟೆಕ್ಕಾ ಮಾರುಕಟ್ಟೆಯಲ್ಲಿ ತರಕಾರಿ ಕೊಂಡು, ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ತಿಂದು, ಸಂಜೆ ಮಲ್ಲಿಗೆ ದಂಡೆ ಹಿಡಿದು ಬಂದರು. ತಮಿಳು ಇಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದಾಗಿರುವುದರಿಂದ, ಬೆಂಗಳೂರಿನಲ್ಲಿ ಕಲಿತ ತಮಿಳು ಅವರ ನೆರವಿಗೆ ಬಂದಿತ್ತು. ಅಂದಿನ ಅವರ ಮುಖದ ಕಳೆಯನ್ನು ನಾನು ಮರೆತಿಲ್ಲ. ದಂಡೆಯನ್ನು ದೇವರಿಗೆ ಮುಡಿಸುವಾಗ ನನಗೆ ಅಮ್ಮನ ಕೈಯಲ್ಲಿದ್ದ ಕರಿಬೇವಿನ ಕಟ್ಟು ನೆನಪಾಯಿತು.

ಹೊರಗೆ ಉಣ್ಣುವವರಿಗೊಂದು ಮಾತು. ಯುನೆಸ್ಕೋ 2020ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಹಾಕರ್ ಸೆಂಟರುಗಳಲ್ಲಿ ಕಡಿಮೆ ಖರ್ಚಿಗೆ ಊಟ ದೊರೆಯುತ್ತದೆ. ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವಿದ್ದರೆ ಆ ಜಾಗವನ್ನು ಯಾರೋ ಹಿಡಿದಿದ್ದಾರೆಂದು ಅರ್ಥ. ಉಂಡ ತಟ್ಟೆಯನ್ನು ನಾವೇ ಒಯ್ದು ಇಡಬೇಕು. ಸಸ್ಯಾಹಾರಿಗಳು ಮೀನಿನ ಸಾರು, ಸಿಗಡಿಯ ಪುಡಿ ಬೆರೆತಿದೆಯೇ ಎಂದು ಸಂಕೋಚವಿಲ್ಲದೆ ಕೇಳಿರಿ. ಮತ್ತೊಂದು ವಿಷಯ: ಹಿಂದೆ ಬಂದುಹೋದವರು ಜುರಾಂಗ್ ಪಕ್ಷಿಧಾಮವನ್ನು ನೋಡಲೇಬೇಕೆಂದು ಹೇಳಿದ್ದರೆ, ಅದು 2023ರ ಜನವರಿಯಲ್ಲಿ ಮುಚ್ಚಿ, ಪಕ್ಷಿಗಳೆಲ್ಲ ಮಂಡಾಯಿಗೆ ವಲಸೆ ಹೋಗಿವೆ. ಜುರಾಂಗ್‌ನಲ್ಲಿ ಹಿರಿಯರಿಗೆ ಹಿತವಾದ ತಾಣವೆಂದರೆ ಸರೋವರದ ದಂಡೆಯ ಚೀನೀ ಉದ್ಯಾನ. ಅದೇ ಹೆಸರಿನ ರೈಲು ನಿಲ್ದಾಣ ಪಕ್ಕದಲ್ಲೇ ಇದೆ.

ಬಂಧುಗಳೇ, ತಮ್ಮಲ್ಲಿ ಅನೇಕರ ಮನೆಗಳಿಗೆ, ಅದು ಸಿಂಗಪುರವಿರಲಿ, ಟೊರಾಂಟೊ ಇರಲಿ, ಸ್ಯಾನ್ ಹೋಸೆ ಇರಲಿ, ಊರಿನಿಂದ ತಂದೆತಾಯಿಯರು ಬರುತ್ತಾರೆ. ನಾವು ಕೆಲಸಕ್ಕೆ ಹೊರಟ ಮೇಲೆ ಅವರು ಕಿಟಕಿಯ ಬಳಿ ಕುಳಿತು ನಮ್ಮ ಬರವನ್ನೇ ಕಾಯುತ್ತಾರೆ. ಈ ಸಮ್ಮೇಳನ ಮುಗಿಸಿ ಮನೆಗೆ ಮರಳಿದ ದಿನ ಒಂದು ಚೀಟಿಯಲ್ಲಿ ತಮ್ಮ ಮನೆಯ ವಿಳಾಸವನ್ನು ದಪ್ಪಕ್ಷರದಲ್ಲಿ ಬರೆದಿಡಿ. ಮುಂದಿನ ಬಾರಿ ಅವರು ಬಂದಿಳಿದಾಗ, ಕಾಫಿಯ ಲೋಟದ ಜೊತೆಗೆ ಅದನ್ನೂ ಅವರ ಕೈಗೆ ಕೊಡಿ.

ಸಿಂಗಪುರದ ಕಡೆಗೆ ಬಂದಾಗ ತಿಳಿಸಿ. ಬೂನ್ ಲೇ ನಿಲ್ದಾಣದ ಸಂಖ್ಯೆ ತಮಗೀಗ ಗೊತ್ತು.