ಬೆರಳಿಗೆ ಬಿಡುವು, ತಲೆಗೆ ಕೆಲಸ

ಜಾತ್ರೆಯ ಬಲೂನು ಅಂಗಡಿಯಲ್ಲಿ ಏರ್‌ಗನ್ ಹಿಡಿದವರಿಗೆಲ್ಲ ಆ ಕ್ರಮ ನೆನಪಿರುತ್ತದೆ. ಅಂಗಡಿಯಾತ ನಳಿಗೆಯನ್ನು ಬುಡದಲ್ಲಿ ಮಡಿಸುತ್ತಾನೆ. ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಸೀಸದ ಪೆಲೆಟ್ಟೊಂದನ್ನು ಹೆಬ್ಬೆರಳಿನಿಂದ ಒತ್ತಿ, ನಳಿಗೆ ಮುಚ್ಚಿ, ಗಿರಾಕಿಯ ಕೈಗೆ ಕೊಡುತ್ತಾನೆ. ಬಲೂನು ಒಡೆಯಲಿ ಬಿಡಲಿ, ಮುಂದಿನ ಹೊಡೆತಕ್ಕೆ ಮತ್ತೆ ಅದೇ ಪೂಜೆ.

ಈ ಪೂಜೆ ಬೇಡವೆನ್ನುವವರಿಗಾಗಿ ಇರುವುದು ಪೆಲೆಟ್ಟುಗಳನ್ನು ತಾನೇ ಸರದಿಗೆ ತಂದುಕೊಳ್ಳುವ ಏರ್ ರೈಫಲ್. ಬಿಲ್ಲೆಯಂಥ ಮ್ಯಾಗಜಿನ್ ಒಳಗೆ ಪುಟ್ಟ ಸ್ಪ್ರಿಂಗಿಗೆ ಕಟ್ಟುಬಿದ್ದ ಒಂದು ಚಕ್ರ, ಚಕ್ರದ ಸುತ್ತ ತೂತುಗಳು, ತೂತಿಗೊಂದು ಪೆಲೆಟ್ಟು. ತೆಳ್ಳನೆಯ ಕಡ್ಡಿಯೊಂದು ತೂತಿನೊಳಗೆ ತೂರಿ ಪೆಲೆಟ್ಟನ್ನು ನಳಿಗೆಗೆ ತಳ್ಳುತ್ತದೆ. ಕಡ್ಡಿ ಹಿಂದೆ ಸರಿದೊಡನೆ ಚಕ್ರ ಒಂದು ಮನೆ ತಿರುಗಿ ನಿಲ್ಲುತ್ತದೆ. ಸ್ಪೇನ್‌ನ ಗಾಮೊ ಕಂಪನಿಯ ಸ್ವಾರ್ಮ್ ಎಂಬ ಮಡಿಸುವ ರೈಫಲ್‌ನಲ್ಲಿ ಹೀಗೆ 10 ಪೆಲೆಟ್ಟುಗಳು ಹಿಡಿಸುತ್ತವೆ.

ಆಸೆಯೇನೂ ಹೊಸದಲ್ಲ. 1780ರ ಸುಮಾರಿಗೆ ಆಸ್ಟ್ರಿಯದ ಸೈನ್ಯ ಕೈಗೆತ್ತಿಕೊಂಡ ಜಿರಾಂಡೋನಿ ಗಾಳಿ ಕೋವಿಯಲ್ಲಿ 20ರಷ್ಟು ಗುಂಡುಗಳು ಸಾಲಾಗಿ ಕಾದಿರುತ್ತಿದ್ದವು. ಆದರೆ ಅದರ ಗಾಳಿಬುರುಡೆ ತುಂಬಲು ಸಾವಿರಕ್ಕೂ ಹೆಚ್ಚು ಸಲ ಪಂಪು ಹೊಡೆಯಬೇಕಿತ್ತು. ಆರೈಕೆಗೂ ನುರಿತ ಕೈ ಬೇಕಿತ್ತು. ಕೊನೆಗೆ ಸೈನ್ಯ ಅದನ್ನು ಮೂಲೆಗಿಟ್ಟಿತು.

ಇಂದಿನ ರೈಫಲ್ ಅಷ್ಟೊಂದು ಸತಾಯಿಸುವುದಿಲ್ಲ. ತಕರಾರು ಬೇರೆಯೇ. ಹೆಬ್ಬೆರಳು ಪೆಲೆಟ್ಟು ಒತ್ತುತ್ತಿದ್ದಾಗ ಬಂದೂಕು ತುಂಬಿದೆಯೋ ಖಾಲಿಯೋ ಎಂಬುದು ಬೆರಳಿಗೇ ತಿಳಿದಿರುತ್ತಿತ್ತು. ಈಗ ಅದು ನೆನಪಿನ ಪಾಲು. ಹೊಡೆಯಲು ಸಿದ್ಧವಾಗಿ, ಯಾರೋ ಕರೆದರೆಂದು ನಿಂತು, ಮತ್ತೆ ಬಂದವನು ಮರೆತು ಇನ್ನೊಮ್ಮೆ ಕಡ್ಡಿ ಆಡಿಸಿದರೆ ಒಂದರ ಬೆನ್ನಿಗೆ ಇನ್ನೊಂದು ಪೆಲೆಟ್ಟು ನಳಿಗೆ ಸೇರುತ್ತದೆ. ಎರಡರ ಭಾರಕ್ಕೆ ವೇಗ ಕುಂದಿ ಏಟು ಕೆಳಗೆ ಬೀಳುತ್ತದೆ. ಕೆಲವೊಮ್ಮೆ ಎರಡೂ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಗಾಮೊ ನಂತರ ತಂದ ಮಾದರಿಯಲ್ಲಿ, ಹೊಡೆತದ ಒದೆತದಿಂದಲೇ ಸರದಿ ಮುಂದೆ ಸರಿಯುವಂತೆ ಮಾಡಿ ಈ ತಪ್ಪಿಗೆ ತಡೆ ಹಾಕಿದೆ. ಹೊಡೆಯದೆ ಎರಡನೆಯದು ಬರುವಂತಿಲ್ಲ.

ಇನ್ನು ಹದ ಮಾಡುವ ಮಾತು. ಹೊಸಬರು ಗುರಿ ತಪ್ಪಿದರೆ ದುರ್ಬೀನಿನ ತಿರುಪು ತಿರುಗಿಸಲು ಹೊರಡುತ್ತಾರೆ. ಮೊದಲು ನೋಡಬೇಕಾದದ್ದು ಪೆಲೆಟ್ಟನ್ನು. ಅದರ ಸೊಂಟ ಸಣ್ಣ, ಹಿಂಭಾಗ ಲಂಗದಂತೆ ಅಗಲ, ಒಳಗೆ ಟೊಳ್ಳು. ಆ ತೆಳು ಅಂಚು ನಳಿಗೆಯ ಸುರುಳಿ ಗೀರುಗಳಿಗೆ ಕಚ್ಚಿಕೊಂಡರೇ ಏಟು ನೇರ. ಮ್ಯಾಗಜಿನ್‌ನ ತೂತು ನಳಿಗೆಯ ಬಾಯಿಗೆ ಕೂದಲೆಳೆಯಷ್ಟು ಓರೆಯಾದರೂ ಮೆತ್ತನೆಯ ಸೀಸ ಒಂದು ಕಡೆ ಕೆರೆದುಹೋಗುತ್ತದೆ. ಪತ್ತೆಗೆ ಸುಲಭ ಉಪಾಯವಿದೆ. ಬಿಡಿ ಪೆಲೆಟ್ಟು ಇಡಲು ಅನುಕೂಲವಿರುವ ರೈಫಲ್ ಆದರೆ ಕೈಯಿಂದ ಇಟ್ಟು ಐದು, ಮ್ಯಾಗಜಿನ್‌ನಿಂದ ಐದು ಹೊಡೆದು ನೋಡುವುದು. ಮೊದಲಿನವು ಒಟ್ಟಿಗಿದ್ದು ಎರಡನೆಯವು ಚದುರಿದರೆ ಕಳ್ಳ ಮ್ಯಾಗಜಿನ್ ಒಳಗೇ ಇದ್ದಾನೆ. ಹಲವು ಮ್ಯಾಗಜಿನ್ ಇದ್ದವರು ಒಂದೊಂದಕ್ಕೂ ಅಂಕಿ ಬರೆದಿಡುವುದು ಒಳ್ಳೆಯದು. ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ನಡೆದುಕೊಳ್ಳುವುದಿಲ್ಲ.

ಬಳಿಕ ದಿಮ್ಮಿಯ ತಿರುಪುಗಳು. ಸ್ಪ್ರಿಂಗಿನ ನಡುಕಕ್ಕೆ ಇವು ಸಡಿಲಗೊಳ್ಳುತ್ತಲೇ ಇರುತ್ತವೆ. ಹಿಡಿತವೂ ಅಷ್ಟೇ. ಪೆಲೆಟ್ಟು ಹೊರಬೀಳುವ ಮುನ್ನವೇ ಸ್ಪ್ರಿಂಗ್ ರೈಫಲ್ ಕುಲುಕುವುದರಿಂದ ಬಿಗಿಹಿಡಿದಷ್ಟೂ ಏಟು ಚದುರುತ್ತದೆ. ಬಿಚ್ಚಿದ ಅಂಗೈಮೇಲೆ ಮಲಗಿಸಿದಂತೆ ಇಟ್ಟುಕೊಂಡರೆ ಮಾತು ಕೇಳುತ್ತದೆ. ಕಂಡ ಕಂಡ ಎಣ್ಣೆ ಬಿಡಲೇಬಾರದು. ಒತ್ತಡಕ್ಕೆ ಅದು ಒಳಗೇ ಹೊತ್ತಿಕೊಳ್ಳುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿಸಿ ಜೋರು ಹೆಚ್ಚಿಸುವ ಚಪಲವೂ ಕೆಲವರಿಗುಂಟು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಶಕ್ತಿ ಅಥವಾ 4.5 ಮಿಲಿಮೀಟರ್ ಬಾಯಿ ಮೀರಿದ ಏರ್‌ಗನ್‌ಗೆ ಲೈಸೆನ್ಸ್ ಬೇಕು. ಮೆಕ್ಯಾನಿಕ್ ಬಿಲ್ಲಿನಲ್ಲಿ ಅದನ್ನು ಬರೆದುಕೊಡುವುದಿಲ್ಲ.

ಎಚ್ಚರ ಬೇಕಾದದ್ದು ಆಟ ಮುಗಿದ ಮೇಲೆ. ಮ್ಯಾಗಜಿನ್ ಬಿಚ್ಚಿ ಜೇಬಿಗೆ ಹಾಕಿದೊಡನೆ ರೈಫಲ್ ಖಾಲಿಯಾಯಿತೆಂದು ಭಾವಿಸುವವರಿದ್ದಾರೆ. ಕಡ್ಡಿ ತಳ್ಳಿದ ಕೊನೆಯ ಪೆಲೆಟ್ಟು ನಳಿಗೆಯಲ್ಲೇ ಕುಳಿತಿರುತ್ತದೆ. ತೋಟಾದಂತೆ ಅದನ್ನು ಹಿಂದಕ್ಕೆ ಎಳೆದು ತೆಗೆಯಲಾಗದು. ಮ್ಯಾಗಜಿನ್ ತೆಗೆದ ಮೇಲೆ ಮರಳಿನ ಚೀಲಕ್ಕೆ ಒಂದು ಸಲ ಹೊಡೆದು, ಅನಂತರವೇ ರೈಫಲನ್ನು ಬೀರುವಿಗೆ ಸೇರಿಸಬೇಕು. ಬೀಗದ ಕೈ ಮಕ್ಕಳಿಗೆ ಎಟುಕದ ಕಡೆ ಇರಬೇಕು.