ಅನ್ಯೋನ್ಯಾಶ್ರಯ

1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರವು ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸತೊಡಗಿದಂದಿನಿಂದ ಗಣಿಗಳು ಕಾವೇರಿ ನದಿಗೆ ಅಧೀನವಾದುವು. ಬೇಸಗೆಯಲ್ಲಿ ಹೊಳೆ ಸೊರಗಿದರೆ ಯಂತ್ರಗಳೂ ಸೊರಗುವುವೆಂಬ ಆತಂಕವು, ಬೇಸಾಯದ ಅಗತ್ಯದೊಡನೆ ಕೂಡಿ, 1911ರಲ್ಲಿ ಕನ್ನಂಬಾಡಿ ಕಟ್ಟೆಯ ಆರಂಭಕ್ಕೆ ಕಾರಣವಾಯಿತು. ಇಂದಾದರೋ ಆ ಸಂಬಂಧವು ತಿರುಗುಮುರುಗಾಗಿದೆ: ಅದೇ ಕಾವೇರಿಯು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರದ ಬೆಂಗಳೂರಿಗೆ ವಿದ್ಯುತ್ ಪಂಪುಗಳ ಬಲವಿಲ್ಲದೆ ಏರಲಾರದು. ಇಂತಹ ಬಂಧಗಳನ್ನು ಗಣಿತದಲ್ಲಿ ರೂಪಿಸಹೊರಟ ಹೈಮ್ಸ್ ಮತ್ತು ಜಿಯಾಂಗ್ ಎಂಬ ವಿದ್ವಾಂಸರು 2001ರಲ್ಲಿ, ಉದ್ಯಮಗಳ ಕೊಡುಕೊಳೆಯನ್ನು ಲೆಕ್ಕಿಸಲು ಅರ್ಥಶಾಸ್ತ್ರಜ್ಞ ಲಿಯಾಂಟೀಫರು ರಚಿಸಿದ ಕೋಷ್ಟಕವನ್ನೇ ಎರವು ಪಡೆದು, ಒಂದು ವ್ಯವಸ್ಥೆಯ ವೈಕಲ್ಯವು ಇನ್ನೊಂದಕ್ಕೆ ಎಷ್ಟರಮಟ್ಟಿಗೆ ದಾಟುವುದೆಂದು ಅಳೆಯುವ ಮಾರ್ಗವನ್ನು ತೋರಿದರು. ಉಪಾಯವೇನೋ ಶ್ಲಾಘ್ಯವೇ, ಆದರೆ ಕಾಲವನ್ನು ಒಳಗೊಳ್ಳದ ಕೋಷ್ಟಕದಿಂದ ನಗರಕ್ಕೆ ತೃಪ್ತಿಯಿಲ್ಲ. ವಿದ್ಯುತ್ತು ನಿಂತ ಕ್ಷಣದಲ್ಲಿಯೇ ನಲ್ಲಿ ಬತ್ತದು, ಮೇಲ್ತೊಟ್ಟಿಯಲ್ಲಿ ನೀರಿರುವತನಕ ಊರಿಗೆ ಕೇಡಿನ ಸುಳಿವೇ ದೊರೆಯದು, ಆಸ್ಪತ್ರೆಯ ಜನರೇಟರು ಡೀಸೆಲ್ ಮುಗಿಯುವತನಕ ಓಡುವುದು, ಆ ಬಳಿಕ ಡೀಸೆಲ್ ತರಲು ಹೋದರೆ ಬಂಕಿನ ಪಂಪಿಗೂ (ವಿಧಿಯ ವಿನೋದವೆನ್ನಿ!) ವಿದ್ಯುತ್ತೇ ಬೇಕು. ಈ ವಿಳಂಬಗಳನ್ನು ಗಂಟೆಗಂಟೆಗೂ ಗಣಿಸದ ಮಾದರಿಯು, ಎಷ್ಟೇ ಸೂಕ್ಷ್ಮವಾಗಿರಲಿ, ನಗರಯೋಜಕರಿಗೆ ಅರೆಬರೆಯ ನೆರವನ್ನು ಮಾತ್ರ ನೀಡಬಲ್ಲುದು.